ಕಡಲತೀರದ ಮರಳಿನ ಮಟ್ಟ

ಕಡಲತೀರದ ಮರಳಿನ ಮಟ್ಟವೆಂದರೆ ದಡದ ಒಂದು ಗೊತ್ತಾದ ಸ್ಥಳದಲ್ಲಿ, ಅಲುಗದ ಗುರುತುಕಲ್ಲೊಂದಕ್ಕೆ ಹೋಲಿಸಿ ಅಳೆದಾಗ, ಮರಳಿನ ಮೇಲ್ಮೈ ಇರುವ ಎತ್ತರ. ಈ ಎತ್ತರ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಕೆಲವು ಅಂಗುಲ, ಒಂದು ಮಳೆಗಾಲದಲ್ಲಿ ಒಂದೆರಡು ಮೀಟರ್ ಬದಲಾಗಬಲ್ಲದು. ಹಲವು ದಶಕಗಳ ಅವಧಿಯಲ್ಲಿ ತೀರವೇ ಸ್ಥಳ ಬದಲಿಸುವಷ್ಟು ವ್ಯತ್ಯಾಸವಾಗಬಲ್ಲದು. ದಡದ ಮೇಲೆ ಕಣ್ಣಿಗೆ ಕಾಣುವ ಮರಳು ಈ ಲೆಕ್ಕದ ಒಂದು ಭಾಗ ಮಾತ್ರ. ಅದಕ್ಕೆ ಹೊಂದಿಕೊಂಡು ನೀರಿನಡಿಯಲ್ಲಿ ಹರಡಿರುವ ಮರಳನ್ನೂ ಕೂಡಿಸಿಕೊಳ್ಳದೆ ತೀರ ಬೆಳೆಯುತ್ತಿದೆಯೋ ಸವೆಯುತ್ತಿದೆಯೋ ಎಂದು ಹೇಳಲು ಬರುವುದಿಲ್ಲ.

ನೆಲದಿಂದ ಕಡಲಿನ ಕಡೆಗೆ ನೇರವಾಗಿ ಒಂದು ಗೆರೆ ಎಳೆದು, ಅದರುದ್ದಕ್ಕೂ ಮರಳಿನ ಎತ್ತರವನ್ನು ಗುರುತಿಸಿದರೆ ದೊರೆಯುವ ನಕ್ಷೆಗೆ ತೀರದ ಅಡ್ಡಕೊಯ್ತ ಎನ್ನುತ್ತಾರೆ. ಗಾಳಿ ಕಟ್ಟಿದ, ಅಡುಂಬು ಬಳ್ಳಿಯಂಥ ಸಸ್ಯಗಳು ಹಿಡಿದಿಟ್ಟ ಮರಳ ದಿಬ್ಬದಿಂದ ಅದು ಆರಂಭವಾಗಿ, ದೊಡ್ಡ ಅಲೆಗಳು ಮಾತ್ರ ತಲುಪುವ ಹಿಂದಡವನ್ನೂ, ಉಬ್ಬರ ಇಳಿತಗಳ ನಡುವೆ ದಿನವೂ ನೆನೆದು ಒಣಗುವ ಮುಂದಡವನ್ನೂ ದಾಟಿ, ಅಲೆಗಳು ಮುರಿಯುವ ಸಮೀಪದ ಕಡಲಿಗೆ ಇಳಿಯುತ್ತದೆ. ಇನ್ನೂ ಮುಂದೆ ಹೋದರೆ, ವರ್ಷದ ಅತಿ ದೊಡ್ಡ ಅಲೆಗಳೂ ತಳದ ಮರಳನ್ನು ಗಣನೀಯವಾಗಿ ಏರಿಳಿಸಲಾರದ ಒಂದು ಆಳ ಬರುತ್ತದೆ. ತೀರದ ಲೆಕ್ಕಾಚಾರದಲ್ಲಿ ಇದನ್ನು ಕಡೆಯ ಗೆರೆಯೆಂದು ಹಿಡಿಯುವುದು ವಾಡಿಕೆ. ದಿಬ್ಬದಿಂದ ಆ ಗೆರೆಯವರೆಗಿನ ಎಲ್ಲ ಮರಳೂ ಒಂದೇ ಸಂಗ್ರಹ. ಕೋಲಾರ ಜಿಲ್ಲೆಯ ಕೆರೆಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಕಾಲುವೆಯಿಂದ ಬಂದದ್ದು, ತೂಬಿನಿಂದ ಬಿಟ್ಟದ್ದು, ಕೋಡಿ ಹರಿದದ್ದು ಇವಿಷ್ಟನ್ನೂ ಲೆಕ್ಕ ಹಾಕದೆ ಕೆರೆಯ ನೀರಿನ ಮಟ್ಟವನ್ನಷ್ಟೇ ನೋಡಿದರೆ ಅದು ಏಕೆ ಇಳಿಯಿತೆಂದು ಗೊತ್ತಾಗುವುದಿಲ್ಲ.

ಅಲೆ ಮತ್ತು ಮರಳು

ಆಳವಾದ ಕಡಲಿನಲ್ಲಿ ಅಲೆ ಸಾಗುವಾಗ ನೀರಿನ ಕಣಗಳು ಬಹುಮಟ್ಟಿಗೆ ಇದ್ದಲ್ಲಿಯೇ ಸುತ್ತುತ್ತವೆ. ಈ ಸುತ್ತಾಟ ಕೆಳಗಿಳಿದಂತೆ ಕುಗ್ಗುತ್ತ, ಅಲೆಯುದ್ದದ ಅರ್ಧದಷ್ಟು ಆಳದಲ್ಲಿ ಹೆಚ್ಚುಕಡಿಮೆ ಅಡಗಿಹೋಗುತ್ತದೆ. ಅಲೆ ದಡವನ್ನು ಸಮೀಪಿಸಿ ಆಳ ಕಡಿಮೆಯಾದಾಗ ಈ ಚಲನೆ ತಳವನ್ನು ಮುಟ್ಟಿ ಮರಳನ್ನು ಎಬ್ಬಿಸತೊಡಗುತ್ತದೆ, ಅಲೆಯ ವೇಗ ತಗ್ಗಿ ಎತ್ತರ ಹೆಚ್ಚುತ್ತದೆ, ಮತ್ತು ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಲ್ಲಿ ಅಲೆ ಮುರಿಯುತ್ತದೆ. ಹೀಗೆ ಮುರಿದ ನೀರು ದಡಕ್ಕೆ ಏರಿ ಹಿಂದಿರುಗುವ ಕೆಲವೇ ಸೆಕೆಂಡುಗಳ ಆಟದಲ್ಲಿ ಮರಳಿನ ಮಟ್ಟದ ಏರಿಳಿತವೆಲ್ಲ ಅಡಗಿದೆ.

ಶಾಂತ ದಿನಗಳ ತಗ್ಗಾದ, ಬಿಡಿಬಿಡಿಯಾಗಿ ಬರುವ ಅಲೆಗಳು ಮರಳನ್ನು ಹೊತ್ತು ಮೇಲೇರುತ್ತವೆ. ಏರಿದ ನೀರಿನ ಒಂದು ಪಾಲು ಒಣ ಮರಳಿನೊಳಗೆ ಇಂಗಿಹೋಗುವುದರಿಂದ ಹಿಂದಿರುಗುವ ನೀರು ಬಡವಾಗಿ, ತಂದದ್ದನ್ನೆಲ್ಲ ಮರಳಿ ಒಯ್ಯಲಾರದೆ ಹೋಗುತ್ತದೆ. ಹೀಗೆ ದಿನದಿಂದ ದಿನಕ್ಕೆ ಮರಳು ಕೂಡಿ ಮುಂದಡದ ಮೇಲ್ತುದಿಯಲ್ಲಿ ಜಗುಲಿಯಂಥ ಒಂದು ಮಟ್ಟಸವಾದ ಕಟ್ಟೆ ಏಳುತ್ತದೆ. ಬಿರುಗಾಳಿಯ ಕಾಲದ ಎತ್ತರವಾದ, ಒತ್ತೊತ್ತಾಗಿ ಬರುವ ಅಲೆಗಳು ಇದಕ್ಕೆ ವಿರುದ್ಧವಾದ ಕೆಲಸ ಮಾಡುತ್ತವೆ: ಒಂದು ಅಲೆಯ ನೀರು ಇಂಗುವ ಮೊದಲೇ ಇನ್ನೊಂದು ಬಂದು ಬೀಳುವುದರಿಂದ ಮರಳು ನೀರು ಕುಡಿದು ತುಂಬಿರುತ್ತದೆ, ದಡದಲ್ಲಿ ರಾಶಿಯಾದ ನೀರು ತಳದ ಮೂಲಕ ಕಡಲಿಗೆ ಮರಳುವಾಗ ಜಗುಲಿಯನ್ನು ಕೊರೆದು ಒಯ್ಯುತ್ತದೆ, ಮತ್ತು ಆ ಮರಳು ಅಲೆ ಮುರಿಯುವ ಜಾಗದಲ್ಲಿ ದಡಕ್ಕೆ ಸಮಾನಾಂತರವಾದ ನೀರಿನಡಿಯ ದಿಣ್ಣೆಯಾಗಿ ನೆಲೆಗೊಳ್ಳುತ್ತದೆ. ದಿಣ್ಣೆ ಬೆಳೆದಷ್ಟೂ ಮುಂದಿನ ದೊಡ್ಡ ಅಲೆಗಳು ಅದರ ಮೇಲೆಯೇ ಮುರಿದು ಶಕ್ತಿ ಕಳೆದುಕೊಳ್ಳುವುದರಿಂದ, ತೀರವು ತನ್ನ ಮರಳನ್ನೇ ಮುಂದಕ್ಕೆ ಚೆಲ್ಲಿ ತನ್ನನ್ನು ಕಾಪಾಡಿಕೊಳ್ಳುತ್ತದೆ ಎನ್ನಬಹುದು. ಬಿರುಗಾಳಿಯ ಮರುದಿನ ದಡದಲ್ಲಿ ಕಾಣುವ ಆಳೆತ್ತರದ ಕಡಿದಾದ ಅಂಚು ಎಷ್ಟೇ ಭಯ ಹುಟ್ಟಿಸಿದರೂ ಅಲ್ಲಿಂದ ಹೋದ ಮರಳಿನ ಬಹುಪಾಲು ಕೆಲವು ನೂರು ಮೀಟರ್ ದೂರದಲ್ಲಿ, ನೀರಿನಡಿಯಲ್ಲಿಯೇ ಇರುತ್ತದೆ.

ಕಣಗಳ ಗಾತ್ರವೂ ಈ ನಡವಳಿಕೆಯನ್ನು ನಿರ್ಧರಿಸುತ್ತದೆ. 0.0625ರಿಂದ 2 ಮಿಲಿಮೀಟರ್‌ವರೆಗಿನ ಕಣಗಳನ್ನು ಮರಳೆಂದು ಕರೆಯುವುದು ಭೂವಿಜ್ಞಾನದ ರೂಢಿ. ದಪ್ಪ ಮರಳಿನ ತೀರಗಳಲ್ಲಿ ನೀರು ಬೇಗ ಇಂಗುವುದರಿಂದ ದಡ ಕಡಿದಾಗಿ ನಿಲ್ಲುತ್ತದೆ. ಸಣ್ಣ ಮರಳಿನ ತೀರಗಳು ಚಪ್ಪಟೆಯಾಗಿ ದೂರದವರೆಗೆ ಹರಡುತ್ತವೆ. ಅಮೆರಿಕದ ರಾಬರ್ಟ್ ಡೀನ್ 1977ರಲ್ಲಿ ಆ ದೇಶದ ತೀರಗಳ ನೂರಾರು ಅಡ್ಡಕೊಯ್ತಗಳನ್ನು ಪರಿಶೀಲಿಸಿ, ಸಮತೋಲದಲ್ಲಿರುವ ತೀರದಲ್ಲಿ ನೀರಿನ ಆಳವು ದಡದಿಂದಿರುವ ದೂರದ ಮೂರನೆಯ ಎರಡು ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆಂದು ತೋರಿಸಿದರು. ಈ ಸೂತ್ರ ಸರಾಸರಿಯ ಚಿತ್ರವನ್ನು ಕೊಡುತ್ತದೆಯೇ ಹೊರತು, ಯಾವುದೋ ಒಂದು ದಿನದ ತೀರವನ್ನಲ್ಲ.

ಕರ್ನಾಟಕ ಕರಾವಳಿಯ ಋತುಚಕ್ರ

ಮರಳಿನ ಮಟ್ಟದ ಋತುಮಾನದ ಏರಿಳಿತವನ್ನು ಪಾಶ್ಚಾತ್ಯ ಗ್ರಂಥಗಳು ಚಳಿಗಾಲದ ತೀರ, ಬೇಸಿಗೆಯ ತೀರ ಎಂದು ವಿಂಗಡಿಸುತ್ತವೆ. ಕ್ಯಾಲಿಫೋರ್ನಿಯದಲ್ಲಿ ಬಿರುಸಿನ ಅಲೆಗಳು ಚಳಿಗಾಲದಲ್ಲಿ ಬರುವುದೇ ಇದಕ್ಕೆ ಕಾರಣ. ಕಾರವಾರದಿಂದ ತಲಪಾಡಿಯವರೆಗಿನ ಕರಾವಳಿಗೆ ಈ ವಿಂಗಡಣೆ ಹೊಂದುವುದಿಲ್ಲ. ಇಲ್ಲಿ ವರ್ಷವನ್ನು ಎರಡಾಗಿ ಸೀಳುವುದು ನೈಋತ್ಯ ಮಾರುತ. ಅಕ್ಟೋಬರ್‌ನಿಂದ ಮೇವರೆಗೆ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲಿರುವ ಅಲೆಗಳು ಜೂನ್‌ನಲ್ಲಿ ಮಳೆ ಹಿಡಿದೊಡನೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಮೀಟರಿಗೂ ಏರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಮುಂದಡ ತಗ್ಗುತ್ತದೆ, ಸೆಪ್ಟೆಂಬರ್ ಕಳೆದ ಮೇಲೆ ದಿಣ್ಣೆಯ ಮರಳು ಸ್ವಲ್ಪ ಸ್ವಲ್ಪವಾಗಿ ದಡಕ್ಕೆ ಹತ್ತಿ ಬೇಸಿಗೆಯ ಹೊತ್ತಿಗೆ ತೀರ ತುಂಬಿ ನಿಲ್ಲುತ್ತದೆ. ಇಳಿಯುವುದಕ್ಕೆ ಕೆಲವು ವಾರ ಸಾಕು. ಏರುವುದಕ್ಕೆ ಹಲವು ತಿಂಗಳು ಬೇಕು. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರ ಬಿರುಸಿನ ಅಲೆಗಳೊಂದಿಗೆ ಕೂಡಿದಾಗ ಒಂದೇ ರಾತ್ರಿಯಲ್ಲಿ ವಾರದ ನಷ್ಟವಾಗುವುದೂ ಉಂಟು.

ಮಳೆಗಾಲದಲ್ಲಿ ಕೆಲವು ತೀರಗಳು ಕಪ್ಪು ಬಣ್ಣಕ್ಕೆ ತಿರುಗುವುದು ಈ ಕ್ರಿಯೆಯ ಒಂದು ಗುರುತು. ಹಗುರವಾದ ಬೆಣಚುಕಲ್ಲಿನ ಕಣಗಳನ್ನು ಅಲೆಗಳು ಮೊದಲು ಕೊಂಡೊಯ್ಯುವುದರಿಂದ ಇಲ್ಮನೈಟ್, ಮ್ಯಾಗ್ನಟೈಟ್‌ನಂಥ ಭಾರವಾದ ಖನಿಜಗಳು ಹಿಂದುಳಿದು ಪದರವಾಗಿ ಕಾಣಿಸಿಕೊಳ್ಳುತ್ತವೆ. ಬೇಸಿಗೆಯಲ್ಲಿ ಬಿಳಿ ಮರಳು ಮರಳಿ ಬಂದು ಅವನ್ನು ಮುಚ್ಚುತ್ತದೆ. ಕಾರವಾರದ ಬಳಿ ಮಾಜಾಳಿಯ ತಿಳ್ಮಾತಿ ತೀರದ ಕಪ್ಪು ಮರಳು ಮಾತ್ರ ವರ್ಷವಿಡೀ ಹಾಗೆಯೇ ಇರುತ್ತದೆ, ಏಕೆಂದರೆ ಅಲ್ಲಿನ ಬಂಡೆಗಳೇ ಕಪ್ಪು.

ಮಳೆಗಾಲದ ಈ ತಗ್ಗುವಿಕೆಯನ್ನೂ, ವರ್ಷದಿಂದ ವರ್ಷಕ್ಕೆ ಮರಳಿ ಬಾರದೆ ಉಳಿಯುವ ನಿಜವಾದ ನಷ್ಟವನ್ನೂ ಕಡಲ್ಕೊರೆತ ಎಂಬ ಒಂದೇ ಹೆಸರಿನಲ್ಲಿ ಸೇರಿಸುವುದು ಪತ್ರಿಕೆಗಳ ಹಾಗೂ ಆಡಳಿತದ ರೂಢಿಯಾಗಿದೆ. ಜುಲೈನಲ್ಲಿ ತೆಗೆದ ಚಿತ್ರವನ್ನು ಹಿಂದಿನ ಮಾರ್ಚ್‌ನ ಚಿತ್ರದೊಡನೆ ಹೋಲಿಸಿದರೆ ಯಾವ ತೀರವಾದರೂ ನಾಶವಾಗುತ್ತಿರುವಂತೆಯೇ ತೋರುತ್ತದೆ. ಮಾರ್ಚನ್ನು ಮಾರ್ಚ್‌ನೊಂದಿಗೆ, ಅದೂ ಹಲವು ವರ್ಷಗಳ ಮಾರ್ಚ್‌ಗಳೊಂದಿಗೆ ಹೋಲಿಸಿದಾಗ ಮಾತ್ರ ನಿಜವಾದ ನಷ್ಟ ಬೇರೆಯಾಗಿ ಕಾಣುತ್ತದೆ. ಋತುಚಕ್ರದ ಹೊರಗಿನ ಆಘಾತಗಳೂ ಇವೆ: 2017ರ ಡಿಸೆಂಬರ್‌ನ ಒಖಿ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತಗಳು ತೀರ ತುಂಬಿರಬೇಕಾದ ಇಲ್ಲವೆ ತುಂಬುತ್ತಿರಬೇಕಾದ ಕಾಲದಲ್ಲಿ ಬಂದವು, ತೌಕ್ತೆಯಂತೂ ಮಳೆಗಾಲಕ್ಕೆ ಕೆಲವೇ ವಾರಗಳ ಮುಂಚೆ ಅಪ್ಪಳಿಸಿದ್ದರಿಂದ ತೀರಗಳಿಗೆ ಚೇತರಿಸಿಕೊಳ್ಳುವ ಬಿಡುವೇ ಸಿಗಲಿಲ್ಲ.

ದಡದುದ್ದದ ಸಾಗಣೆ, ಅಳಿವೆಗಳು

ಅಲೆಗಳು ದಡಕ್ಕೆ ನೇರವಾಗಿ ಬರದೆ ಓರೆಯಾಗಿ ಬಂದಾಗ ಮುರಿದ ನೀರಿನ ಜೊತೆಗೆ ಮರಳೂ ದಡದುದ್ದಕ್ಕೆ ಒಂದು ಕಡೆಗೆ ಸರಿಯುತ್ತದೆ. ಭಾರತದ ಪೂರ್ವ ಕರಾವಳಿಯಲ್ಲಿ ಈ ಸಾಗಣೆ ವರ್ಷದ ಒಟ್ಟು ಲೆಕ್ಕದಲ್ಲಿ ಸ್ಪಷ್ಟವಾಗಿ ಉತ್ತರಾಭಿಮುಖ. ವರ್ಷಕ್ಕೆ ಲಕ್ಷಾಂತರ ಘನ ಮೀಟರ್ ಮರಳು ತಮಿಳುನಾಡಿನಿಂದ ಒಡಿಶಾದ ದಿಕ್ಕಿಗೆ ಚಲಿಸುತ್ತದೆ. ಕರ್ನಾಟಕದಲ್ಲಿ ಚಿತ್ರ ಇಷ್ಟು ಸರಳವಲ್ಲ. ಬೇಸಿಗೆಯ ವಾಯವ್ಯದ ಗಾಳಿಯಲೆಗಳು ಮರಳನ್ನು ದಕ್ಷಿಣಕ್ಕೆ ತಳ್ಳಿದರೆ, ಉಳಿದ ತಿಂಗಳುಗಳಲ್ಲಿ ಅಲೆಯ ದಿಕ್ಕು ಹಾಗೂ ದಡದ ತಿರುವಿಗೆ ತಕ್ಕಂತೆ ಸಾಗಣೆ ಬೇರೆ ಬೇರೆ ಕಡೆಗೆ ಹೊರಳುತ್ತದೆ. ಎರಡೂ ದಿಕ್ಕಿನ ಮೊತ್ತಗಳು ಬಹುಮಟ್ಟಿಗೆ ಒಂದನ್ನೊಂದು ಸರಿದೂಗಿಸುವುದರಿಂದ ಸಣ್ಣ ಅಡಚಣೆಯೂ ತಕ್ಕಡಿಯನ್ನು ವಾಲಿಸಬಲ್ಲದು. ಗೋಕರ್ಣದ ಓಂ ತೀರ, ಕುಡ್ಲೆ ತೀರಗಳಂತೆ ಎರಡು ಗುಡ್ಡಚಾಚುಗಳ ನಡುವೆ ಸಿಲುಕಿದ ಕಿರುತೀರಗಳಲ್ಲಿ ಮರಳು ಹೊರಗೆ ಹೋಗುವುದು ಕಡಿಮೆ. ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡುತ್ತ, ಒಂದು ಕಡೆ ಮಟ್ಟ ಇಳಿದಾಗ ಇನ್ನೊಂದು ಕಡೆ ಏರಿರುತ್ತದೆ.

ಅಳಿವೆಗಳ, ಅಂದರೆ ನದಿ ಕಡಲು ಸೇರುವ ಬಾಗಿಲುಗಳ ಬಳಿ ಏರಿಳಿತ ಅತ್ಯಂತ ತೀವ್ರವಾಗಿರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯಲ್ಲಿ ಕೂಡಿ ಹರಿಯುವ ಐದು ಹೊಳೆಗಳು, ಸೀತಾ–ಸ್ವರ್ಣಾ, ಶಾಂಭವಿ–ನಂದಿನಿ, ನೇತ್ರಾವತಿ–ಫಲ್ಗುಣಿ ಹೀಗೆ ಕರಾವಳಿಯುದ್ದಕ್ಕೂ ಅಳಿವೆಗಳಿವೆ, ಮತ್ತು ಅನೇಕ ಕಡೆ ಕಡಲು ಹಾಗೂ ಹೊಳೆಗಳ ನಡುವೆ ಬೆಂಗ್ರೆ ಅಥವಾ ಕೋಡಿ ಎಂದು ಕರೆಯುವ ಉದ್ದನೆಯ ಮರಳ ನಾಲಗೆಗಳು ಚಾಚಿಕೊಂಡಿವೆ. ಬೇಸಿಗೆಯಲ್ಲಿ ಹೊಳೆ ಬಡವಾದಾಗ ದಡದುದ್ದ ಸಾಗುವ ಮರಳು ಈ ನಾಲಗೆಯನ್ನು ಬೆಳೆಸಿ ಬಾಗಿಲನ್ನು ಇರುಕಿಸುತ್ತದೆ. ಮಳೆಗಾಲದ ನೆರೆ ಅದನ್ನು ಕತ್ತರಿಸಿ ಮರಳನ್ನು ಕಡಲಿಗೆ ತಳ್ಳುತ್ತದೆ. ಹೊನ್ನಾವರದಲ್ಲಿ ಶರಾವತಿಯ ಅಳಿವೆಯೂ ಸಸಿಹಿತ್ಲುವಿನ ಬಳಿ ನಂದಿನಿ–ಶಾಂಭವಿಗಳ ಅಳಿವೆಯೂ ಹೀಗೆ ಸ್ಥಳ ಬದಲಿಸುತ್ತ ಬಂದಿವೆ. ಇಂಥ ನಾಲಗೆಯ ತುದಿ ಸ್ವಭಾವತಃ ಅಸ್ಥಿರವಾದದ್ದು; ಅಲ್ಲಿ ಪಕ್ಕಾ ಕಟ್ಟಡ ಕಟ್ಟುವುದಕ್ಕೆ ಒಪ್ಪಿಗೆ ಕೊಟ್ಟು, ಆಮೇಲೆ ಅದನ್ನು ಕಡಲಿನಿಂದ ಉಳಿಸುವುದಕ್ಕೆ ಕಲ್ಲು ಸುರಿಯುವುದು ಎರಡು ಬಾರಿ ಮಾಡುವ ಖರ್ಚು.

ಒಳನಾಡಿನ ಪಾಲು: ಕೋಲಾರ ಮತ್ತು ಪಾಲಾರ್

ತೀರದ ಮರಳು ಮೂಲತಃ ನೆಲದ ಬಂಡೆಗಳಿಂದ ಬಂದದ್ದು, ಆದ್ದರಿಂದ ಅದರ ಮಟ್ಟ ಕಡಲಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿಯೂ ನಿರ್ಧಾರವಾಗುತ್ತದೆ. ಕೋಲಾರ ಜಿಲ್ಲೆಯ ಉರಿಗಾಂ, ಬಂಗಾರಪೇಟೆಗಳ ಪ್ರದೇಶ ಇದಕ್ಕೆ ಒಳ್ಳೆಯ ಉದಾಹರಣೆ. ನಂದಿಬೆಟ್ಟದ ಬಳಿ ಹುಟ್ಟುವ ಪಾಲಾರ್ ನದಿ ಕೋಲಾರ ಜಿಲ್ಲೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳ ನಡುವೆ ಹರಿದು, ಚಿನ್ನದ ಗಣಿಗಳಿಗೆ ಕುಡಿಯುವ ನೀರು ಒದಗಿಸುತ್ತಿದ್ದ ಬೇತಮಂಗಲದ ಕೆರೆಯನ್ನು ತುಂಬಿ, ಆಂಧ್ರದ ಮೂಲೆಯೊಂದನ್ನು ಹಾದು, ತಮಿಳುನಾಡಿನ ವೆಲ್ಲೂರು, ಕಾಂಚೀಪುರಗಳ ಮೂಲಕ ಸುಮಾರು 348 ಕಿ.ಮೀ. ಸಾಗಿ ಚೆನ್ನೈಗೆ ದಕ್ಷಿಣದಲ್ಲಿ ವಯಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಕಣಶಿಲೆಯ ಬೆಣಚು ಮತ್ತು ಫೆಲ್ಡ್‌ಸ್ಪಾರ್‌ಗಳು ಮಳೆಗೆ ಸಡಿಲಗೊಂಡು ಹಳ್ಳ ಹಿಡಿದು ನದಿಗೆ ಇಳಿದು, ದಾರಿಯುದ್ದಕ್ಕೂ ಸವೆದು ಗಾತ್ರಕ್ಕೆ ತಕ್ಕಂತೆ ಬೇರ್ಪಟ್ಟು, ಕೊನೆಗೆ ಆ ದಡದ ಮರಳಾಗುತ್ತಿದ್ದವು.

ಈ ಸರಬರಾಜು ಈಗ ಕ್ಷೀಣಿಸಿದೆ. ಪಾಲಾರ್ ಜಲಾನಯನ ಶತಮಾನಗಳಿಂದ ಕೆರೆಗಳ ಸರಣಿಯಿಂದ ತುಂಬಿದ್ದು, ಪ್ರತಿ ಕೆರೆಯೂ ನೀರಿನ ಜೊತೆಗೆ ಹೂಳನ್ನೂ ತಡೆದು ನಿಲ್ಲಿಸುತ್ತದೆ. ಅದರ ಮೇಲೆ ಒಡ್ಡುಗಳು, ಪಾತ್ರದಲ್ಲಿ ನಡೆದ ಮರಳುಗಾರಿಕೆ ಸೇರಿ ವರ್ಷದ ಹೆಚ್ಚಿನ ಕಾಲ ನದಿ ಒಣ ಮರಳ ದಾರಿಯಾಗಿ, ಅದೂ ಅಲ್ಲಲ್ಲಿ ಬಗೆದ ಗುಂಡಿಗಳ ದಾರಿಯಾಗಿ ಉಳಿದಿದೆ. 2021ರ ನವೆಂಬರ್‌ನಂಥ ಭಾರಿ ಮಳೆಯಲ್ಲಿ ಬೇತಮಂಗಲ ಕೋಡಿ ಹರಿದು ವೆಲ್ಲೂರಿನಲ್ಲಿ ಪ್ರವಾಹ ಬಂದಾಗ ಮಾತ್ರ ನದಿ ತನ್ನ ಹಳೆಯ ಕೆಲಸವನ್ನು ನೆನೆಯುತ್ತದೆ. ಪಶ್ಚಿಮದಲ್ಲಿಯೂ ಕಥೆ ಬೇರೆಯಲ್ಲ: ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದ ಮೇಲೆ ಘಟ್ಟದ ಮರಳಿನ ಒಂದು ಪಾಲು ಜಲಾಶಯಗಳ ತಳದಲ್ಲಿಯೇ ಉಳಿಯುತ್ತಿದೆ. ಹೊಳೆಯ ಮರಳಿನ ಬಗೆಗಿನ ವಾದವಿವಾದಗಳಲ್ಲಿ ಕಟ್ಟಡಗಳ ಬೇಡಿಕೆ, ಸರಕಾರದ ರಾಜಧನ, ದಂಧೆಯ ಅಕ್ರಮಗಳೆಲ್ಲ ಚರ್ಚೆಗೆ ಬರುತ್ತವೆ. ಆ ಮರಳಿಗೆ ಕಡಲತೀರವೂ ಹಕ್ಕುದಾರನೆಂಬ ಮಾತು ಅಪರೂಪ.

ಚಿನ್ನದ ಗಣಿಗಳಿದ್ದ ಉರಿಗಾಂ ಸುತ್ತಮುತ್ತ ಇನ್ನೊಂದು ಬಗೆಯ ಮರಳೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚುವವರೆಗೆ ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿ ರಾಶಿಯಾಗಿ ಬೆಳೆದ ಸೈನೈಡ್ ದಿಬ್ಬಗಳು ಒಟ್ಟು ಮೂರು ಕೋಟಿ ಟನ್ನಿಗೂ ಮಿಗಿಲಾದವು. ನದಿ, ಕಡಲುಗಳು ಉರುಳಿಸಿ ನುಣುಪಾಗಿಸಿದ ಕಣಗಳಿಗಿಂತ ಇಲ್ಲಿನ ಕಣ ಸಣ್ಣದು, ಮೂಲೆಗಳು ಚೂಪು. ಒಣಗಾಳಿ ಅದನ್ನು ಎಬ್ಬಿಸಿ ಊರಿನ ಮೇಲೆ ಹರಡುತ್ತದೆ, ಮಳೆ ದಿಬ್ಬದ ಮೈಯಲ್ಲಿ ಆಳವಾದ ಕೊರಕಲುಗಳನ್ನು ಕೊರೆಯುತ್ತದೆ. ಕಡಲತೀರದಲ್ಲಿ ಒಯ್ದ ಮರಳನ್ನು ಮರಳಿ ತರುವ ಶಾಂತ ಅಲೆಗಳ ಕಾಲವೊಂದಿದೆ. ದಿಬ್ಬಕ್ಕೆ ಅಂಥ ಕಾಲವಿಲ್ಲದ್ದರಿಂದ ಅದರ ಸವೆತ ಒಂದೇ ದಿಕ್ಕಿನದು, ಮತ್ತು ಮರಳಿನ ಚಲನೆಯಲ್ಲಿ ಸಮತೋಲವೆಂದರೆ ಏನೆಂಬುದು ಈ ವ್ಯತ್ಯಾಸದಿಂದ ಸ್ಪಷ್ಟವಾಗುತ್ತದೆ.

ಬಂದರು, ತಡೆಗೋಡೆ, ಕೃತಕ ದಿಬ್ಬ

ದಡದುದ್ದದ ಸಾಗಣೆಗೆ ಅಡ್ಡಗೋಡೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಭಾರತದ ಅತ್ಯಂತ ಹಳೆಯ, ಅತ್ಯಂತ ದೊಡ್ಡ ಪಾಠ ಚೆನ್ನೈ. ಅಲ್ಲಿ 1870ರ ದಶಕದಲ್ಲಿ ಬಂದರಿನ ಗೋಡೆಗಳ ನಿರ್ಮಾಣ ಆರಂಭವಾದ ಮೇಲೆ ದಕ್ಷಿಣದಿಂದ ಬರುತ್ತಿದ್ದ ಮರಳು ಗೋಡೆಗೆ ತಡೆದು ನಿಂತು, ತೆಳ್ಳಗಿದ್ದ ದಡ ಬೆಳೆದು ಇಂದಿನ ನೂರಾರು ಮೀಟರ್ ಅಗಲದ ಮರೀನಾ ತೀರವಾಯಿತು. ಗೋಡೆಯ ಉತ್ತರಕ್ಕಿದ್ದ ರಾಯಪುರಂ ಕಡೆಗೆ ಮರಳು ಬರುವುದು ನಿಂತು ಅಲ್ಲಿಯ ದಡ ಕಡಲಿನ ಪಾಲಾಯಿತು. ನಗರದ ಹೆಮ್ಮೆಯ ವಿಹಾರತಾಣವೂ ಅದರ ಮಗ್ಗುಲಲ್ಲಿಯೇ ಮೀನುಗಾರರ ನಷ್ಟವೂ ಒಂದೇ ಕಾರಣದಿಂದ ಹುಟ್ಟಿದವು ಎಂಬುದನ್ನು ಪ್ರವಾಸಿ ಕೈಪಿಡಿಗಳು ಹೇಳುವುದಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಸಮೀಪದ ಉದಾಹರಣೆ ಉಳ್ಳಾಲ. ಮಂಗಳೂರಿನ ಹಳೆ ಬಂದರಿಗೆ ದೋಣಿಗಳು ಸಲೀಸಾಗಿ ಹೋಗಿಬರಲೆಂದು ನೇತ್ರಾವತಿ–ಫಲ್ಗುಣಿ ಅಳಿವೆಯ ಎರಡು ಮಗ್ಗುಲಲ್ಲಿ 1990ರ ದಶಕದಲ್ಲಿ ಕಲ್ಲಿನ ಗೋಡೆಗಳನ್ನು ಕಟ್ಟಲಾಯಿತು. ಉತ್ತರದ ಬೆಂಗ್ರೆಯ ಕಡೆ ಮರಳು ಕೂಡಿಕೊಂಡಿತು. ದಕ್ಷಿಣದ ಕೋಟೆಪುರ, ಮೊಗವೀರಪಟ್ಣ, ಸೋಮೇಶ್ವರಗಳ ಕಡೆ ದಡ ತಗ್ಗುತ್ತ ಹೋಗಿ ಮನೆ, ರಸ್ತೆ, ತೆಂಗಿನ ತೋಟಗಳು ಮಳೆಗಾಲದಿಂದ ಮಳೆಗಾಲಕ್ಕೆ ಕಡಲಿಗೆ ಹೋದವು. ವರ್ಷವರ್ಷವೂ ದಡಕ್ಕೆ ಬಂಡೆಕಲ್ಲು ಸುರಿದದ್ದು ಸಾಲದೆ, 2010ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸಾಲಕ್ಕೆ ಒಪ್ಪಿಗೆ ನೀಡಿದ ತೀರರಕ್ಷಣಾ ಯೋಜನೆಯಡಿ ಅಳಿವೆಯ ಗೋಡೆಗಳ ದುರಸ್ತಿಯ ಜೊತೆಗೆ ಕಡಲೊಳಗೆ ಮುಳುಗಿದ ಕೃತಕ ದಿಬ್ಬಗಳನ್ನು ನಿರ್ಮಿಸಲಾಯಿತು. ಇವುಗಳ ಹಿಂದಿರುವ ತತ್ತ್ವ ತೀರ ತಾನೇ ಕಟ್ಟಿಕೊಳ್ಳುವ ಮಳೆಗಾಲದ ದಿಣ್ಣೆಯದೇ: ಅಲೆಯನ್ನು ದಡದಲ್ಲಿ ಎದುರಿಸುವ ಬದಲು ದೂರದಲ್ಲಿಯೇ ಮುರಿಯುವುದು.

ದಡಕ್ಕೆ ಸಮಾನಾಂತರವಾಗಿ ಕಲ್ಲು ಪೇರಿಸಿದ ತಡೆಗೋಡೆ ಅದರ ಬೆನ್ನಿಗಿರುವ ರಸ್ತೆ, ಮನೆಗಳನ್ನು ಕಾಯುತ್ತದೆಯೇ ಹೊರತು ಮರಳನ್ನಲ್ಲ. ಗೋಡೆಗೆ ಬಡಿದು ಹಿಂದಿರುಗುವ ಅಲೆ ಅದರ ಬುಡದ ಮರಳನ್ನು ಕೆದಕುತ್ತದೆ, ದಿಬ್ಬದಲ್ಲಿದ್ದ ಮೀಸಲು ಮರಳು ಗೋಡೆಯ ಹಿಂದೆ ಸೆರೆಯಾಗುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಸವೆತ ಇಮ್ಮಡಿಸುತ್ತದೆ. ಸೌಪರ್ಣಿಕಾ ನದಿಗೂ ಕಡಲಿಗೂ ನಡುವಿನ ಇಕ್ಕಟ್ಟಿನ ನೆಲದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುವ ಮರವಂತೆಯಂಥ ಕಡೆ ಗೋಡೆಯ ಹೊರತು ದಾರಿ ಇರಲಿಲ್ಲವೆಂದು ಒಪ್ಪಬಹುದು. ಹಿಂದೆ ಸರಿಯಲು ಜಾಗವಿರುವ ಊರುಗಳಲ್ಲಿಯೂ ಅದೇ ಮದ್ದನ್ನು ಬಳಸಿದ್ದಕ್ಕೆ ಇಂಥ ಸಮರ್ಥನೆ ಸಿಗದು. ಬಲೆಯನ್ನು ದಡದಿಂದಲೇ ಎಳೆಯುವ ಕೈರಂಪಣಿ ಮೀನುಗಾರರಿಗೂ, ಮರಳಿನಲ್ಲಿ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಗಳಿಗೂ ಕಲ್ಲಿನ ರಾಶಿ ಉಪಯೋಗಕ್ಕೆ ಬಾರದು. ಮರಳಿನ ಕೊರತೆಯನ್ನು ಮರಳಿನಿಂದಲೇ ತುಂಬುವುದು ಇನ್ನೊಂದು ವಿಧಾನ. 1990ರ ದಡದ ಗೆರೆಯನ್ನು ಉಳಿಸಿಕೊಳ್ಳಲು ನಿರ್ಧರಿಸಿದ ನೆದರ್ಲೆಂಡ್ಸ್, ಕಡಲ ತಳದಿಂದ ಮರಳೆತ್ತಿ ತೀರಕ್ಕೆ ಹಾಕುತ್ತ ಬಂದಿದ್ದು, 2011ರಲ್ಲಿ ಒಂದೇ ಕಡೆ ಸುಮಾರು 2.15 ಕೋಟಿ ಘನ ಮೀಟರ್ ಸುರಿದು ಅದನ್ನು ಹರಡುವ ಕೆಲಸವನ್ನು ಅಲೆಗಳಿಗೆ ಬಿಟ್ಟಿತು. ನವಮಂಗಳೂರು ಬಂದರಿನಂಥ ಕಡೆ ಹಡಗುದಾರಿಯಿಂದ ನಿಯತವಾಗಿ ಹೂಳೆತ್ತಲೇಬೇಕಾಗಿರುವುದರಿಂದ, ಎತ್ತಿದ್ದರಲ್ಲಿ ಮರಳಿನ ಅಂಶ ಸಾಕಷ್ಟಿರುವಲ್ಲಿ ಅದನ್ನು ದೂರದ ಕಡಲಿಗೆ ಚೆಲ್ಲುವುದಕ್ಕಿಂತ ಹತ್ತಿರದ ತೀರಕ್ಕೆ ಕೊಡುವುದು ವಿವೇಕ.

ಅಳತೆ

ಮರಳಿನ ಮಟ್ಟವನ್ನು ಅಳೆಯುವುದಕ್ಕೆ ದುಬಾರಿ ಸಲಕರಣೆ ಬೇಕೆಂದಿಲ್ಲ. ಅಮೆರಿಕದ ಕೆ. ಓ. ಎಮರಿ 1961ರಲ್ಲಿ ವಿವರಿಸಿದ ವಿಧಾನದಲ್ಲಿ ಅಳತೆ ಗುರುತುಗಳಿರುವ ಎರಡು ಕೋಲುಗಳನ್ನು ಗೊತ್ತಾದ ಅಂತರದಲ್ಲಿ ನೆಟ್ಟು, ಒಂದರ ಮೇಲಿಂದ ದಿಗಂತದ ಗೆರೆಯನ್ನು ನೋಡಿ ಎತ್ತರದ ವ್ಯತ್ಯಾಸವನ್ನು ಓದಲಾಗುತ್ತದೆ. ದಿಬ್ಬದಿಂದ ನೀರಿನಂಚಿನವರೆಗೆ ಹೆಜ್ಜೆ ಹೆಜ್ಜೆಯಾಗಿ ಹೀಗೆ ಸಾಗಿದರೆ ಅಡ್ಡಕೊಯ್ತ ಸಿದ್ಧ. ಮಟ್ಟದರ್ಶಕ, ಉಪಗ್ರಹಾಧಾರಿತ ಸ್ಥಾನಸೂಚಕ, ಡ್ರೋನ್ ಚಿತ್ರಗಳು ನಿಖರತೆಯನ್ನು ಹೆಚ್ಚಿಸಿವೆ. ನೀರಿನಡಿಯ ಭಾಗಕ್ಕೆ ದೋಣಿಯಿಂದ ಶಬ್ದದ ಪ್ರತಿಧ್ವನಿಯನ್ನು ಬಳಸುತ್ತಾರೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದೇ ಗೆರೆಯಲ್ಲಿ, ಒಂದೇ ಗುರುತುಕಲ್ಲಿನಿಂದ, ಬಿಡದೆ ಅಳೆಯುತ್ತ ಹೋಗುವ ತಾಳ್ಮೆ. ಆಸ್ಟ್ರೇಲಿಯದ ನ್ಯಾರಬೀನ್ ತೀರದಲ್ಲಿ 1976ರಿಂದ ಅಳತೆ ಮುಂದುವರಿದಿರುವುದರಿಂದಲೇ ತೀರವಿಜ್ಞಾನದ ಅನೇಕ ಸಿದ್ಧಾಂತಗಳಿಗೆ ಅದು ಒರೆಗಲ್ಲಾಗಿದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳು ಕರ್ನಾಟಕದ ತೀರಗಳ ಮೇಲೆ ಅಧ್ಯಯನಗಳನ್ನು ನಡೆಸಿವೆ, ಆದರೆ ಹೆಚ್ಚಿನವು ಕೆಲವೇ ವರ್ಷಗಳ ಅವಧಿಯವು.

ದೀರ್ಘಾವಧಿಯಲ್ಲಿ ಕಡಲಿನ ಮಟ್ಟವೇ ಏರುತ್ತಿರುವುದು ಈ ಲೆಕ್ಕಕ್ಕೆ ಸೇರಿದ ಹೊಸ ಅಂಶ. 1901ರಿಂದ 2018ರ ನಡುವೆ ಜಾಗತಿಕ ಸರಾಸರಿ ಸುಮಾರು 20 ಸೆಂಟಿಮೀಟರ್ ಏರಿದೆ. ಪರ್ ಬ್ರೂನ್ 1962ರಲ್ಲಿ ಮಂಡಿಸಿದ ನಿಯಮದಂತೆ ನೀರು ಏರಿದಾಗ ಅಡ್ಡಕೊಯ್ತ ತನ್ನ ಆಕಾರವನ್ನು ಉಳಿಸಿಕೊಂಡು ಮೇಲಕ್ಕೂ ಹಿಂದಕ್ಕೂ ಸರಿಯಬೇಕು, ಅದಕ್ಕೆ ಬೇಕಾದ ಮರಳನ್ನು ದಡವನ್ನೇ ಕೊರೆದು ಪಡೆಯಬೇಕು. ದಡದುದ್ದದ ಸಾಗಣೆಯನ್ನೂ ನದಿಯ ಕೊಡುಗೆಯನ್ನೂ ಈ ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಅದನ್ನು ಎಲ್ಲೆಡೆ ಕಣ್ಣುಮುಚ್ಚಿ ಅನ್ವಯಿಸುವುದಕ್ಕೆ ಅನೇಕ ವಿಜ್ಞಾನಿಗಳ ಆಕ್ಷೇಪವಿದೆ.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಮುಖ್ಯವಾಗಿ ಆಧರಿಸಿ ಮಾಡಿದ ಲೆಕ್ಕದಲ್ಲಿ ಭಾರತದ ಮುಖ್ಯಭೂಮಿಯ ಕರಾವಳಿಯ 33.6% ಸವೆಯುತ್ತಿದೆ, 26.9% ಬೆಳೆಯುತ್ತಿದೆ, ಉಳಿದದ್ದು ಹೆಚ್ಚುಕಡಿಮೆ ಸ್ಥಿರವಾಗಿದೆ; ಕರ್ನಾಟಕದಲ್ಲಿ ಸವೆತದ ಪಾಲು ಕಾಲುಭಾಗಕ್ಕಿಂತ ತುಸು ಕಡಿಮೆಯಾದರೆ ಕೇರಳದಲ್ಲಿ ಅದು 46%ರಷ್ಟಿದೆ. ಇವು ನೀರಿನಂಚಿನ ಗೆರೆ ಎಷ್ಟು ಸರಿದಿದೆ ಎಂಬುದರ ಅಂಕಿಗಳು. ಆ ಗೆರೆಯ ಆಚೆಗೆ, ನೀರಿನಡಿಯ ಮರಳಿನ ಮಟ್ಟ ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂಬುದಕ್ಕೆ ಪ್ರತಿ ವರ್ಷ ಮಳೆಗಾಲದ ಮುಂಚೆ ಮತ್ತು ನಂತರ ದೋಣಿ ಇಳಿಸಿ ಅಳೆದ ದಾಖಲೆಯೇ ಬೇಕಾಗುತ್ತದೆ.